ಬಿಸಿಲಿಗೆ ಹಿಡಿದ ಕೊಡೆ

ಶರಾವತಿ ತನ್ನ ಅಕ್ಕ ಸುಮನಾಳ ತಣ್ಣಗಿನ ಕೆನ್ನೆಗೆ ಅರಿಶಿನ ಹಚ್ಚುತ್ತಿದ್ದಳು. ಮೂಗಿನ ಆಚೀಚೆ ಹರಡಿದ್ದ ಕೆಂಪು ಈಗ ಕಂದಿ ಕಪ್ಪಾಗಿತ್ತು.

"ಇನ್ನೊಂಚೂರು ದಪ್ಪ ಬಳಿಯೇ, ಆ ಕಲೆ ಮುಚ್ಲಿ," ಎಂದರು ಸುಮನಾಳ ಅತ್ತೆ ದುಗ್ಗಮ್ಮ. "ಎಷ್ಟು ಅಮೃತಬಳ್ಳಿ ಕಷಾಯ ಕುಡಿಸಿದೆ, ಮೈಗೆ ಶಕ್ತಿ ಬರ್ಲಿ ಅಂತ. ಕದ್ದು ಬಾಳೆಬುಡಕ್ಕೆ ಚೆಲ್ಲೋಳು!"

"ನಾಕು ಹೆಜ್ಜೆಗೂ ಕೊಡೆ ಬೇಕಿತ್ತು ಮಹಾರಾಣಿಗೆ," ಪಕ್ಕದ ಮನೆಯ ಬೆಳ್ಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಬಣ್ಣ ಕೆಡ್ತದಾ ಅಂತ ನಾವೆಲ್ಲ ನಗಾಡಿದ್ದೇ ನಗಾಡಿದ್ದು."

ಅರಿಶಿನದ ಬಟ್ಟಲು ಶರಾವತಿಯ ಕೈಜಾರಿತು. ಬೆಳಗಿನಿಂದ ಅವಳ ಬೆರಳುಗಳು ಮಡಚುತ್ತಿರಲಿಲ್ಲ.

*

ಹೋದ ದೀಪಾವಳಿಗೆ ಶರಾವತಿ ತನ್ನೂರು ನಗರದಿಂದ ಬಂದಿದ್ದಾಗ, ತೀರ್ಥಹಳ್ಳಿಯ ಈ ಮನೆಯ ಜಗಲಿಯಲ್ಲೇ ಸುಮನಾ ರವಿಕೆ ಹೊಲಿಯುತ್ತಿದ್ದಳು.

"ಈ ಲೂಪಸ್ ಅಂದ್ರೆ ಎಂತದೇ ಅಕ್ಕಾ?"

"ಶಕ್ತಿ ಕಮ್ಮಿಯಾಗಿ ಬಂದದ್ದಲ್ಲ ಮಾರಾಯ್ತಿ. ರೋಗ ಓಡಿಸೋ ಶಕ್ತಿಗೇ ತಲೆಕೆಟ್ಟಿದೆ. ಹೊರಗಿನವ್ರು ಯಾರು, ಮನೆಯವ್ರು ಯಾರು ಗೊತ್ತಾಗಲ್ಲ ಅದಕ್ಕೆ. ಕೈಕಾಲ ಗಂಟಿಗೆ ಹೊಡೀತದೆ, ಕಿಡ್ನಿಗೆ ಹೊಡೀತದೆ. ಬಿಸಿಲು ಬಿದ್ರೆ ಇನ್ನೂ ಜೋರು. ಅತ್ತೆ ಆ ಶಕ್ತಿಗೇ ಕಷಾಯ ಕುಡಿಸ್ತಾರೆ!"

ಸುಮನಾ ಒಬ್ಬಳೇ ನಕ್ಕಳು. "ಪಾಪ, ಪ್ರೀತಿಗೆ ಕಾಸ್ತಾರೆ. ಬೇಡ ಅನ್ನೋಕಾಗಲ್ಲ."

ಆಮೇಲೆ ತಂಗಿಯ ಕೈ ಎಳೆದು ನೋಡಿದಳು. "ಬೆಳಿಗ್ಗೆ ಬೆರಳು ಬಿಗೀತದಾ? ಒಂದ್ಸಲ ಡಾಕ್ಟರಿಗೆ ತೋರಿಸೇ. ಒಡಹುಟ್ಟಿದವ್ರಿಗೂ ಬರ್ಬಹುದಂತೆ."

"ನಂಗೆಂತ ಆಗಿದೆ! ಪಾತ್ರೆ ತಿಕ್ಕಿ ತಿಕ್ಕಿ ಹಂಗೆ," ಎಂದು ಶರಾವತಿ ಕೈ ಹಿಂದಕ್ಕೆಳೆದುಕೊಂಡಳು. ಅಕ್ಕನಿಗೆ ಸಿಕ್ಕ ರೋಗಿಷ್ಟೆ ಎಂಬ ಹೆಸರು ತನಗೂ ಅಂಟುವುದು ಅವಳಿಗೆ ಬೇಕಿರಲಿಲ್ಲ.

ಸುಮನಾ ಮತ್ತೆ ಹೊಲಿಗೆ ಮೆಷಿನ್ ತುಳಿಯತೊಡಗಿದಳು.

*

ಗಂಡಸರು ಚಟ್ಟ ಎತ್ತಿದರು. ಸುಮನಾಳ ಗಂಡ ಹೂವಯ್ಯ ಯಾರನ್ನೂ ನೋಡದೆ ಮುಂದೆ ನಡೆದ.

"ಚಾಪೆ, ದಿಂಬು ಎಲ್ಲ ಜೊತೆಗೇ ಕಳಿಸಿ," ಬೆಳ್ಳಮ್ಮ ಕೂಗಿದಳು. "ಆ ಕೊಡೆನೂ."

ಮೊಳೆಗೆ ನೇತುಹಾಕಿದ್ದ ಕೊಡೆಯನ್ನು ಶರಾವತಿ ತೆಗೆದುಕೊಂಡಳು.

"ಸತ್ತವರದ್ದು ಇಟ್ಕೊಳ್ಬಾರ್ದು ಕಣೇ."

"ಇದು ನಂದೇ. ಅಕ್ಕಂಗೆ ಕೊಟ್ಟಿದ್ದೆ," ಎಂದು ಸುಳ್ಳು ಹೇಳಿದಳು.

ದುಗ್ಗಮ್ಮ ಹತ್ತಿರ ಬಂದು ಅವಳ ಗಲ್ಲ ಹಿಡಿದರು. "ಕೆನ್ನೆ ಯಾಕೇ ಹಿಂಗೆ ಕೆಂಪಾಗಿದೆ?"

"ಅತ್ತು ಅತ್ತು, ಅಮ್ಮಾ."

ಹೆಂಗಸರೆಲ್ಲ ಬಾಗಿಲಲ್ಲೇ ನಿಂತರು. ಶರಾವತಿ ಮಾತ್ರ ಅಂಗಳಕ್ಕಿಳಿದಳು. ಸೋಮವಾರ ಅಕ್ಕನ ಡಾಕ್ಟರಿಗೆ ತೋರಿಸಲು ಶಿವಮೊಗ್ಗದ ಬಸ್ಸು ಹತ್ತುವುದು. ಮನೆಯಲ್ಲಿ ಕೇಳಿದರೆ ಸೀರೆ ತರಲು ಎಂದರಾಯಿತು.

"ಮಳೆ ಎಲ್ಲೈತೇ?" ಹಿಂದಿನಿಂದ ಬೆಳ್ಳಮ್ಮ ಕೇಳಿದಳು.

ಶರಾವತಿ ತಿರುಗಲಿಲ್ಲ. ಸುಡುಬಿಸಿಲಿನಲ್ಲಿ ಕೊಡೆ ಬಿಚ್ಚಿದಳು. ಒಂದು ಕೈಯ ಹಿಡಿತ ಸಾಲದೆ, ಎರಡೂ ಕೈಯಲ್ಲಿ ಹಿಡಿದು ನಿಂತಳು.