ಸಮುದ್ರ ನಮ್ಮ ವಿಭಾಗಕ್ಕೆ ಬರಲ್ಲ

ಪಟದಲ್ಲಿ ದಿಗಂತ ಕೂದಲೆಳೆಯಷ್ಟು ವಾಲಿದ್ದರೂ ಫೋಟೋ ಮೇಷ್ಟ್ರಿಗೆ ಊಟ ರುಚಿಸುತ್ತಿರಲಿಲ್ಲ. ನಗರಸಭೆಯ ಸಿಬ್ಬಂದಿಗೆ ಫೋಟೋ ತೆಗೆಯುವ ತರಬೇತಿ ಕೊಟ್ಟಾಗಲೂ ಅವರು ಇಡೀ ದಿನ ಅದನ್ನೇ ಅರೆದು ಕುಡಿಸಿದ್ದರು.

ಈಗ ಪಕ್ಕದ ಹಳೆಯ ಗೋದಾಮಿನ ಗೋಡೆ ಅವರ ಅಕ್ಕನ ಮನೆಯತ್ತ ವಾಲಿತ್ತು. ಹೆದರಿದ ಅಕ್ಕ ಮಂಚವನ್ನು ಅಡುಗೆಮನೆಗೆ ಎಳೆದುಕೊಂಡಿದ್ದಳು. ಗೋಡೆ ಕೆಡವಿಸಲು ನಗರಸಭೆ ಪುರಾವೆ ಕೇಳಿತು. ಮೇಷ್ಟ್ರು ಕ್ಯಾಮೆರಾವನ್ನು ಸ್ಟ್ಯಾಂಡಿಗೇರಿಸಿ, ಹಿಂದಿನ ಸಮುದ್ರದ ಗೆರೆಯನ್ನು ಮಟ್ಟಸ ಮಾಡಿಕೊಂಡು, ಗೋಡೆ ಆರು ಡಿಗ್ರಿ ವಾಲಿದ್ದನ್ನು ಚಾಚೂತಪ್ಪದೆ ಸೆರೆಹಿಡಿದು ಕಳಿಸಿದರು.

ವಾರದ ನಂತರ ಅರ್ಜಿ ವಜಾ ಆಯಿತು. ಕಾರಣ ಕೇಳಲು ಹೋದರೆ ಗುಮಾಸ್ತ ಕಂಪ್ಯೂಟರಿನಲ್ಲಿ ಪಟ ತೋರಿಸಿದ. ಗೋಡೆ ಕಂಬದಂತೆ ನೆಟ್ಟಗಿತ್ತು. ಸಮುದ್ರ ಎಡಕ್ಕೆ ಜಾರಿತ್ತು.

"ಪಟ ಸೊಟ್ಟಗಿತ್ತು ಮೇಷ್ಟ್ರೇ, ನೇರ ಮಾಡಿದೆ. ನೀವೇ ಕಲಿಸಿದ್ದಲ್ವಾ?"

"ಸಮುದ್ರ ನೋಡಿ ನೇರ ಮಾಡಿ ಅಂದಿದ್ದೆ."

"ಸಮುದ್ರ ನಮ್ಮ ವಿಭಾಗಕ್ಕೆ ಬರಲ್ಲ. ನಮ್ದು ಕಟ್ಟಡ ಮಾತ್ರ."

ಅಕ್ಕ ಮನೆ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಂದ್ರೋ?"

"ಗೋಡೆ ನೇರ ಆಯ್ತಂತೆ."

"ಹಾಗಾದ್ರೆ ಮಂಚ ವಾಪಸ್ ಎಳೀಲಾ?"

ಮೇಷ್ಟ್ರು ಅಡುಗೆಮನೆಗೆ ಹೋಗಿ, ಮಂಚವನ್ನು ಇನ್ನೊಂದು ಗೇಣು ದೂರ ಸರಿಸಿದರು.