ಸಣ್ಣ ದಂಡೆಯ ಗಡಿಗೆಪ್ಪ

ಗಡಿಗೆಪ್ಪ ತಲೆ ಎತ್ತಿ ನಡೆದದ್ದನ್ನು ನಾನು ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ಕಾಣಲಿಲ್ಲ. ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಾಗಲಿ, ಕಾಲೇಜಿನ ವರಾಂಡದಲ್ಲಾಗಲಿ, ಯಾರದೋ ಮದುವೆಯ ಚಪ್ಪರದಡಿಯಲ್ಲಾಗಲಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕುತ್ತಿಗೆಯನ್ನು ಮುಂದೆ ಚಾಚಿ, ದೃಷ್ಟಿಯನ್ನು ತನ್ನ ಹೆಬ್ಬೆರಳಿನಿಂದ ಎರಡು ಮೊಳ ಆಚೆಗೆ ನೆಟ್ಟು, ಹಿಮ್ಮಡಿ ಊರಿದ ಮೇಲೆ ಒಂದು ಕ್ಷಣ ತಡೆದು ಆಮೇಲೆ ಪಾದ ಇಳಿಸುವ ಆ ನಡಿಗೆಯನ್ನು ನಮ್ಮ ಊರಿನ ದೊಡ್ಡವರು ವಿನಯವೆಂದು ತಿಳಿದಿದ್ದರು. "ಅವರ ಓಣಿ ಹುಡುಗ್ರೆಲ್ಲಾ ಈಗ ಎದಿ ಸೆಟಿಸಿ ಅಡ್ಡಾಡ್ತಾವ. ಗಡಿಗೆಪ್ಪ ಮಾತ್ರ ಹಳೇ ಕಾಲದ ಮನಷ್ಯಾ ನೋಡ್ರಿ" ಎಂದು ಪ್ರಾಂಶುಪಾಲ ಶರಣಯ್ಯನವರು ನನ್ನೆದುರಿಗೇ ಮೆಚ್ಚಿ ನುಡಿದದ್ದುಂಟು. ಗಡಿಗೆಪ್ಪ ಯಾರಿಗೂ ತಲೆ ಬಾಗಿಸಿದವನಲ್ಲ. ಅವನು ಕಲ್ಲು ಹುಡುಕುತ್ತಿದ್ದ. ಇದು ಗೊತ್ತಿದ್ದ ನಾನು ಶರಣಯ್ಯನವರಿಗೆ ಹೌದೆಂದು ತಲೆಯಾಡಿಸಿದೆ.

ಅವನು ನಮ್ಮ ಕಾಲೇಜಿನ ವಿಜ್ಞಾನ ಪ್ರಯೋಗಾಲಯದ ಜವಾನ. ನಾನು ಮಾನ್ವಿಯಿಂದ ಬಂದು ಅಲ್ಲಿ ಕನ್ನಡ ಕಲಿಸುತ್ತಿದ್ದವನು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಹಿರಿಯನಾದರೂ ಕಾಲೇಜಿನಲ್ಲಿ ಅವನಿಗೆ ಎಲ್ಲರದೂ ಏಕವಚನ, ನಿನ್ನೆ ಮೊನ್ನೆ ಸೇರಿದ ಉಪನ್ಯಾಸಕರದೂ ಕೂಡ. ನನ್ನದೂ ಅದೇ. ಈಗ ಬರೆಯುವಾಗ ಬಹುವಚನ ಹಚ್ಚಿದರೆ ಮಣ್ಣು ಮುಗಿದ ಮೇಲೆ ಹಾರ ತಂದಂತಾದೀತೆಂದು, ನಾಚಿಕೆಯಿಂದಲೇ, ಹಾಗೇ ಬಿಟ್ಟಿದ್ದೇನೆ.

ಅವನ ಖಾಕಿ ಕೋಟಿನ ವಿಷಯ ಹೇಳಬೇಕು. ಕಾಲೇಜು ಎಂದೋ ಹೊಲಿಸಿಕೊಟ್ಟ ಆ ಕೋಟಿನ ಜೇಬುಗಳು ಕಲ್ಲಿನ ಭಾರಕ್ಕೆ ಜೋತುಬಿದ್ದು, ಹರಿದು, ಅವನ ಹೆಂಡತಿ ಮಾನಮ್ಮ ಅಕ್ಕಿಚೀಲದ ತುಂಡಿನಿಂದ ಹೊಲಿದ ತೇಪೆಗಳಿಂದ ಮತ್ತೆ ಜೇಬುಗಳೆನಿಸಿಕೊಂಡಿದ್ದವು. ವೈಶಾಖದ ಬಿಸಿಲಿಗೆ ನಾವೆಲ್ಲ ಅಂಗಿಯ ಗುಂಡಿ ಬಿಚ್ಚಿ ಬೀಸಣಿಕೆ ಹುಡುಕುತ್ತಿರುವಾಗಲೂ ಗಡಿಗೆಪ್ಪನ ಮೈಮೇಲಿನ ಕೋಟು ಇಳಿಯುತ್ತಿರಲಿಲ್ಲ. "ಒಳಗ ಅಂಗಿ ಇಲ್ಲೇನೋ?" ಎಂದು ಸಿಬ್ಬಂದಿಯ ಕೋಣೆಯಲ್ಲಿ ನಗೆಯಾಡುತ್ತಿದ್ದರು. ಅವನ ಮಾತಿಗೂ ಒಂದು ತೇಪೆಯಿತ್ತು. ಏನು ಕೇಳಿದರೂ ಕೊನೆಗೆ ಖಾತ್ರಿ ಇದೆ ಅಥವಾ ಇಲ್ಲ ಎಂದು ಸೇರಿಸದೆ ಅವನು ಬಾಯಿ ಮುಚ್ಚುತ್ತಿರಲಿಲ್ಲ. ಪ್ರಾಂಶುಪಾಲರು ಕೋಣೆಯಲ್ಲಿದ್ದಾರೆಯೇ ಎಂದರೆ, "ಆಗ ಕುಂತಿದ್ರು. ಈಗಿಂದು ಖಾತ್ರಿ ಇಲ್ರಿ" ಎನ್ನುವನು. ಬಾಗಿಲು ತೆರೆದಿತ್ತು, ಶರಣಯ್ಯನವರ ಕೆಮ್ಮು ನಮ್ಮಿಬ್ಬರಿಗೂ ಕೇಳಿಸುತ್ತಿತ್ತು.

ಕಲ್ಲು ಹುಡುಕುವ ಈ ಚಟ ಅವನಿಗೆ ಹತ್ತಿದ್ದು ಹದಿನೆಂಟನೆಯ ವಯಸ್ಸಿನಲ್ಲಿ. ಎಲ್ಲಿಂದಲೋ ಬಂದ ಸಂಶೋಧಕರೊಬ್ಬರು ಎರಡು ತಿಂಗಳು ಕೃಷ್ಣೆಯ ದಂಡೆಯಲ್ಲಿ ಡೇರೆ ಹಾಕಿ ಆದಿಕಾಲದ ಪ್ರಾಣಿಗಳ ಎಲುಬು ಹುಡುಕಿದಾಗ ಅವರ ಚೀಲ ಹೊತ್ತವನು ಇವನು. ಮಣ್ಣಿನೊಳಗೆ ಸಾವಿರಾರು ವರ್ಷ ಕೂತು ಕಲ್ಲಾದ ಎಲುಬನ್ನು ನಾವು ಪುಸ್ತಕದಲ್ಲಿ ಪಳೆಯುಳಿಕೆ ಎನ್ನುತ್ತೇವೆ, ಅವನು ಕಲ್ಲೆಲುಬು ಎನ್ನುತ್ತಿದ್ದ. ಸಂಶೋಧಕರು ಡೇರೆ ಕಿತ್ತುಕೊಂಡು ಹೋದರು. ಹೋಗುವಾಗ ಹೇಳಿದ ಒಂದು ಮಾತು ಮಾತ್ರ ಇವನಲ್ಲಿ ಮಂತ್ರದಂತೆ ಉಳಿಯಿತು: ಎಲ್ಲಿ ಸಿಕ್ಕಿತೆಂದು ಬರೆದಿಡದ ಎಲುಬು ಬೀದಿಯ ಕಲ್ಲಿಗೆ ಸಮ.

ಅವನಿಗೆ ಎಲುಬು ಸಿಗುತ್ತಿದ್ದ ಜಾಗ ಒಂದೇ. ಅವನ ಊರಿನ ಕೆಳಬದಿಗೆ ಹೊಳೆ ತಿರುಗುವಲ್ಲಿ, ಇನ್ನೂರು ಹೆಜ್ಜೆ ಉದ್ದದ ಮರಳು, ಅದರ ಹಿಂದೆ ಹೊಳೆ ಕೊರೆದು ನಿಲ್ಲಿಸಿದ ಎರಡಾಳೆತ್ತರದ ಕೆಮ್ಮಣ್ಣಿನ ಗೋಡೆ. ಮೇಲ್ಬದಿಯಲ್ಲಿ ಕಲ್ಲಿನ ಮೆಟ್ಟಿಲುಗಳಿದ್ದವು, ಊರಿನವರ ಸ್ನಾನಕ್ಕೆ, ಪೂಜೆಗೆ. ಅವರು ಮಿಂದು, ಬಟ್ಟೆ ಒಗೆದು, ಎಮ್ಮೆ ತಿಕ್ಕಿ ಬಿಟ್ಟ ನೀರು ಹರಿದು ಬರುವ ಈ ಕೆಳಗಿನ ದಂಡೆಯೇ ಗಡಿಗೆಪ್ಪನ ಓಣಿಯವರಿಗೆ ಮೀಸಲು. ಅದಕ್ಕೆ ಸಣ್ಣ ದಂಡೆ ಎಂದು ಹೆಸರು. ಆಮೇಲೆ ಪಂಚಾಯಿತಿಯವರು 'ಸಾರ್ವಜನಿಕ ನದಿ ದಂಡೆ' ಎಂದು ಫಲಕ ನೆಟ್ಟರು, ಮೇಲಿನವರು ಆಗಲೂ ಅಲ್ಲಿ ಕಾಲಿಡಲಿಲ್ಲ. "ಅವರ ಮೆಟ್ಟಲದಾಗ ಒಂದೂ ಇಲ್ರಿ ಸರ. ಎಲ್ಲಾ ನಮ್ಮ ದಂಡ್ಯಾಗ ಅವ. ಇದು ಖಾತ್ರಿ ಅದ" ಎಂದು ಅವನು ಒಮ್ಮೆ ಹೇಳಿದಾಗ, ನಾನು ಕಂಡಂತೆ ಅದೊಂದೇ ಸಲ, ಅವನ ಮುಖದಲ್ಲಿ ಹೆಮ್ಮೆ ಕಂಡಿತು.

ಭಾನುವಾರಗಳಂದು ನನ್ನನ್ನೂ ಕರೆದೊಯ್ಯುತ್ತಿದ್ದ. ಮೊದಲ ಸಲ ನಾನು ಮರಳಿನಲ್ಲಿ ಹೊಳೆಯುವ ಒಂದು ಹಲ್ಲನ್ನು ಕಂಡು, ಮಗುವಿನ ಸಂಭ್ರಮದಿಂದ ಎತ್ತಿಕೊಂಡು ಅವನ ಬಳಿಗೆ ಓಡಿದೆ. ಅವನು ಅದನ್ನು ಮೂಸಿ, ಉಗುರಿನಿಂದ ಕೆರೆದು, "ಆನೀದ್ರಿ. ಭಾಳ ಚಲೋ ಐತಿ. ಎಲ್ಲಿತ್ರಿ ಇದು?" ಎಂದ. ನಾನು ಹಿಂದೆ ತಿರುಗಿ ಕೈ ತೋರಿಸಿದೆ. ಮರಳು ಎಲ್ಲ ಕಡೆಯೂ ಒಂದೇ ಥರ ಕಂಡಿತು. "ಅಲ್ಲೋ ಇಲ್ಲೋ?" ಎಂದು ಎರಡು ಸಲ ಕೇಳಿದ. ನಾನು ತಡವರಿಸಿದೆ. ಅವನು ಆ ಹಲ್ಲನ್ನು ಇನ್ನೊಮ್ಮೆ ಪ್ರೀತಿಯಿಂದ ಸವರಿ, ತೋಳು ಬೀಸಿ, ನಡುಹೊಳೆಗೆ ಎಸೆದುಬಿಟ್ಟ. ನನಗೆ ಸಿಟ್ಟು ಬಂತು.

ಅವನ ಕ್ರಮ ಹೀಗಿತ್ತು. ಕಂಡ ವಸ್ತುವನ್ನು ಮುಟ್ಟದೆ, ಪಕ್ಕದಲ್ಲಿ ಕಡ್ಡಿಪೆಟ್ಟಿಗೆ ಇಟ್ಟು, ಬಟ್ಟೆ ಒಗೆಯುವ ದೊಡ್ಡ ಬಂಡೆಯಿಂದ ಅಲ್ಲಿಗೆ ಹೆಜ್ಜೆ ಎಣಿಸುವನು. ಗೋಡೆಯಲ್ಲಿದ್ದರೆ ನೆಲದಿಂದ ಎಷ್ಟು ಗೇಣು, ಮರಳಿನಲ್ಲಿದ್ದರೆ ನೀರಿನಿಂದ ಎಷ್ಟು ಹೆಜ್ಜೆ. ಎಲ್ಲವನ್ನೂ ಗುಂಡು ಅಕ್ಷರಗಳಲ್ಲಿ ನೋಟ್‌ಬುಕ್ಕಿನಲ್ಲಿ ಬರೆದು, ಕಲ್ಲಿನ ಮೇಲೆ ಬಿಳಿ ಬಣ್ಣದ ಬೊಟ್ಟಿಟ್ಟು ಅದರೊಳಗೆ ಕರಿ ಮಸಿಯಲ್ಲಿ ನಂಬರು ಬರೆಯುವನು. ಮೂವತ್ತು ವರ್ಷಕ್ಕೂ ಮಿಕ್ಕಿ ಹೀಗೆ ಕೂಡಿದ್ದು ತೊಂಬತ್ತಾರು. ಅವುಗಳಲ್ಲಿ ಎರಡು ದವಡೆಗಳು ಮುಖ್ಯ. ಎರಡೂ ಒಂದೇ ಜಾತಿಯ ಕಾಡೆತ್ತಿನವು, ಒಂದೇ ಅಳತೆಯವು. ಒಂದು ಮರಳಿನಲ್ಲಿ ಸಿಕ್ಕಿದ್ದು, ಇನ್ನೊಂದನ್ನು ಕೆಮ್ಮಣ್ಣಿನ ಗೋಡೆಯಿಂದಲೇ ನಾಲ್ಕು ಭಾನುವಾರ ಕೂತು ಬಿಡಿಸಿದ್ದು. ತೊಂಬತ್ತಾರರಲ್ಲಿ ಗೋಡೆಯಿಂದ ಬಂದದ್ದು ಅದೊಂದೇ.

ಮೂರು ವರ್ಷದ ಕೆಳಗೆ ಸಣ್ಣ ದಂಡೆಗೆ ಮರಳಿನ ಟ್ರ್ಯಾಕ್ಟರುಗಳು ಇಳಿಯತೊಡಗಿದವು, ಅವುಗಳ ಹಿಂದೆಯೇ ಗೋಡೆಯನ್ನು ಕೆಡವುವ ಜೆಸಿಬಿ. ಗಡಿಗೆಪ್ಪ ಬಾಯಿ ಬಿಟ್ಟು ಯಾರನ್ನಾದರೂ ಏನನ್ನಾದರೂ ಕೇಳಿದ್ದು ಆಗಲೇ. ದಂಡೆ ಉಳಿಸಲು ಅವನು ಕೇಳಿಕೊಂಡದ್ದಕ್ಕೆ ನಾನು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದೆ. ಸುನಂದಾ ಎಂಬ ಭೂಗರ್ಭಶಾಸ್ತ್ರದ ಪ್ರಾಧ್ಯಾಪಕಿ ಫೋನಿನಲ್ಲಿ ಎಲ್ಲವನ್ನೂ ಸಮಾಧಾನದಿಂದ ಕೇಳಿ, ಮರಳಿನ ಎಲುಬು ಪ್ರವಾಹದಲ್ಲಿ ಎಲ್ಲಿಂದಲಾದರೂ ಉರುಳಿ ಬಂದಿರಬಹುದು, ಆದರೆ ಗೋಡೆಯಲ್ಲಿಯೇ ಹುದುಗಿದ್ದದ್ದು ಒಂದಾದರೂ ಖಚಿತವಾಗಿ ಇದ್ದರೆ ಆ ದಂಡೆಯನ್ನು ಉಳಿಸುವಂತೆ ಜಿಲ್ಲಾಡಳಿತಕ್ಕೆ ವರದಿ ಕೊಡುವೆನೆಂದೂ ತಾವೇ ಬಂದು ನೋಡುವೆನೆಂದೂ ಒಪ್ಪಿದರು. ಗಡಿಗೆಪ್ಪ ತೊಂಬತ್ತಾರು ಕಲ್ಲುಗಳನ್ನೂ ಚೀಲಗಳಲ್ಲಿ ಹೊತ್ತು ತಂದು ಪ್ರಯೋಗಾಲಯದ ಮೇಜಿನ ಮೇಲೆ ಜೋಡಿಸಿದ. ಆ ಬುಧವಾರ ಅವರು ಬರುವವರಿದ್ದರು. ಸೋಮವಾರ ಅವನು ರಜೆ ಹಾಕಿ, ಅವರು ಇಳಿಯಲು ದಂಡೆಯ ಮುಳ್ಳುಕಂಟಿ ಸವರಲು ಹೋದ.

ಇನ್ನು ನನ್ನ ಕತೆ. ಕಾಲೇಜಿನ ನೈರ್ಮಲ್ಯ ಸಮಿತಿಗೆ ನಾನೇ ಸಂಚಾಲಕ. ಬೀಗರು ಬರುತ್ತಾರೆಂದರೆ ಅಟ್ಟದ ಮೇಲಿನ ಹಿತ್ತಾಳೆಯನ್ನೂ ಇಳಿಸಿ ಹುಣಸೆಹಣ್ಣು ಹಚ್ಚಿ ಬೆಳಗುವ ನಾಡು ನಮ್ಮದು. ಆ ಸೋಮವಾರ ಬೆಳಿಗ್ಗೆ 'ಪ್ರದರ್ಶನಕ್ಕಿಡುವ ಸಮಸ್ತ ವಸ್ತುಗಳನ್ನು ಸ್ವಚ್ಛಗೊಳಿಸತಕ್ಕದ್ದು' ಎಂದು ನೋಟಿಸು ಬರೆದು, ಸಹಿ ಮಾಡಿ, ಫಲಕಕ್ಕೆ ಅಂಟಿಸಿ, ಸುಸಂಸ್ಕೃತ ವಾಕ್ಯವೊಂದನ್ನು ರಚಿಸಿದ ತೃಪ್ತಿಯಲ್ಲಿ ಮಧ್ಯಾಹ್ನ ಮನೆಗೆ ಹೋಗಿ ಉಂಡು ಮಲಗಿದೆ. ಪ್ರಯೋಗಾಲಯದ ಸಹಾಯಕ ಉಮೇಶ ವಿಧೇಯ ಮನುಷ್ಯ. ಪಾಯಖಾನೆ ತೊಳೆಯುವ ಆಸಿಡ್ಡನ್ನು ಎರಡು ಬಕೆಟ್ ನೀರಿಗೆ ಬೆರೆಸಿ, ಕಲ್ಲುಗಳನ್ನು ನೆನೆಹಾಕಿ, ತಂತಿ ಬ್ರಷ್ಷಿನಿಂದ ಒಂದೊಂದನ್ನೂ ತಿಕ್ಕಿ ತೊಳೆದ.

ಸಂಜೆ ಗಡಿಗೆಪ್ಪ ಬಂದಾಗ ನಾನೂ ಅಲ್ಲಿದ್ದೆ. ಅಂಗಳದ ಬಿಸಿಲಿಗೆ ಹಳೆ ಪೇಪರು ಹಾಸಿ, ಸಂಡಿಗೆ ಇಟ್ಟಂತೆ ಸಾಲಾಗಿ ಕಲ್ಲುಗಳನ್ನು ಇಟ್ಟಿದ್ದರು.

"ಹೆಂಗ ಮಿಂಚಾಕತ್ಯಾವ ನೋಡು ಕಾಕಾ!" ಎಂದ ಉಮೇಶ.

ಗಡಿಗೆಪ್ಪ ಕುಕ್ಕರಗಾಲಲ್ಲಿ ಕೂತ. ಒಂದನ್ನೆತ್ತಿ ತಿರುವಿದ, ಇನ್ನೊಂದನ್ನೆತ್ತಿ ತಿರುವಿದ.

"ನಂಬರ ಎಲ್ಲಿ?"

"ಎಂಥಾ ನಂಬರ? ಆ ಬಿಳಿ ಕಲೆ ಏನು? ಅದು ಹೋಗವಲ್ದಾಗಿತ್ತು ಮಾರಾಯ. ಎರಡು ತಾಸು ತಿಕ್ಕೀನಿ."

ಗಡಿಗೆಪ್ಪ ಬೈಯಲಿಲ್ಲ. ದವಡೆಗಳೆರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಸಂದುಗಳನ್ನು ಉಗುರಿನಿಂದ ತಡವಿದ. ಗೋಡೆಯಿಂದ ಬಿಡಿಸಿದ ದವಡೆಯ ಸಂದಿನಲ್ಲಿ ಅಲ್ಲಿನ ಕೆಂಪುಮಣ್ಣು ಗಟ್ಟಿಯಾಗಿ ಅಂಟಿಕೊಂಡಿತ್ತು. ಆಸಿಡ್ಡು ಅದನ್ನೂ ಕರಗಿಸಿತ್ತು. ಈಗ ಎರಡೂ ಅವಳಿಗಳ ಹಾಗೆ ಬೆಳ್ಳಗಿದ್ದವು.

ಮರುದಿನ ಶರಣಯ್ಯನವರು ಅವನನ್ನು ಕೋಣೆಗೆ ಕರೆಸಿದರು. ನಾನೂ ಇದ್ದೆ. "ನೋಟ್‌ಬುಕ್ ಐತಲ್ಲೋ? ನೋಡಿ ನೋಡಿ ಮತ್ತ ಬರಿ. ಒಂದೆರಡು ಆಚಿಗಿ ಈಚಿಗಿ ಆದ್ರ ಯಾರು ಕೇಳ್ತಾರ? ಎಲುಬಿನ ಒಡಿಯಾ ಎದ್ದು ಬರ್ತಾನೇನು?" ಎಂದರು. ನಾನು ಇನ್ನೂ ಮೃದುವಾಗಿ, ಇನ್ನೂ ಹೊಲಸಾಗಿ ಅದನ್ನೇ ಹೇಳಿದೆ: "ಗಡಿಗೆಪ್ಪಾ, ಸುಳ್ಳು ಯಾರಿಗಾಗಿ? ನಿನ್ನ ದಂಡೆ ಉಳೀಲಿ ಅಂತ." ಅವನು ರಾತ್ರಿಯೆಲ್ಲ ಕೂತನೆಂದು ಮಾನಮ್ಮ ಆಮೇಲೆ ಹೇಳಿದಳು. ಬುಧವಾರ ಬೆಳಿಗ್ಗೆ, ಅವನಿಗೆ ಖಾತ್ರಿಯಿದ್ದ ಹನ್ನೊಂದು ಕಲ್ಲುಗಳ ಮೇಲೆ ಮಾತ್ರ ಬಿಳಿ ಬೊಟ್ಟುಗಳಿದ್ದವು. ಹನ್ನೊಂದೂ ಮರಳಿನವು. ದವಡೆಗಳ ಮೇಲೆ ಏನೂ ಇರಲಿಲ್ಲ.

ಸುನಂದಾ ಅವರು ಒಳ್ಳೆಯವರು, ಇದನ್ನು ಹೇಳಲೇಬೇಕು. ನೋಟ್‌ಬುಕ್ಕನ್ನು ಒಂದು ತಾಸು ಓದಿದರು. "ಇಂಥಾ ಕೆಲಸ ನಮ್ಮ ವಿದ್ಯಾರ್ಥಿಗಳೂ ಮಾಡೋದಿಲ್ಲ" ಎಂದು ಅವನಿಗೆ ಎದ್ದು ನಿಂತು ಹೇಳಿದರು. ಆಮೇಲೆ ಎರಡು ದವಡೆಗಳನ್ನೂ ಎದುರಿಗಿಟ್ಟುಕೊಂಡು ಕೇಳಿದರು: "ಗೋಡೆಯಲ್ಲಿ ಸಿಕ್ಕಿದ್ದು ಇವೆರಡರಲ್ಲಿ ಯಾವುದು, ಗಡಿಗೆಪ್ಪನವರೇ?"

ಕೋಣೆಯಲ್ಲಿ ಐದು ಜನರಿದ್ದೆವು. ಬಲಗಡೆಯದನ್ನು ಮುಟ್ಟಿದ್ದರೂ ಸಾಕಿತ್ತು, ಎಡಗಡೆಯದನ್ನು ಮುಟ್ಟಿದ್ದರೂ ಸಾಕಿತ್ತು. ಬೆರಳು ಎತ್ತೋ ಪುಣ್ಯಾತ್ಮಾ ಎಂದು ನಾನು ಮನಸ್ಸಿನಲ್ಲಿ ಕಾಲು ಹಿಡಿಯುತ್ತಿದ್ದೆ.

"ಇದರಾಗ ಒಂದು ಗ್ವಾಡ್ಯಾಗ ಇತ್ರಿ ಅಮ್ಮಾರ. ನನ್ನ ಕೈಲೇ ಬಿಡಿಸೀನಿ. ಯಾವುದಂತ ಈಗ ಹೇಳಾಕ ಬರಂಗಿಲ್ರಿ."

"ಅಂದಾಜಿಗೆ?"

"ಅಂದಾಜು ಹೇಳಿದ್ರ ನೀವು ಬರಕೋತೀರಿ. ಬರದಿದ್ದು ಖರೇ ಆಗಿಬಿಡ್ತದ. ಬ್ಯಾಡ್ರಿ."

ಅವರು ಪೆನ್ನು ಮುಚ್ಚಿದರು. ಗೋಡೆಯಲ್ಲಿ ಇನ್ನೇನಾದರೂ ಉಳಿದಿದೆಯೇ ನೋಡೋಣವೆಂದು ಮಧ್ಯಾಹ್ನ ದಂಡೆಗೂ ಹೋದೆವು. ಅವನು ಸವರಿದ ದಾರಿ ಚೊಕ್ಕಟವಾಗಿತ್ತು. ಆ ದಾರಿಯಲ್ಲೇ, ಎರಡು ದಿನದಲ್ಲಿ, ಜೆಸಿಬಿ ಸಲೀಸಾಗಿ ಇಳಿದು ಗೋಡೆಯ ಮುಕ್ಕಾಲು ಪಾಲನ್ನು ಕೆಡವಿತ್ತು. ಉಳಿದ ಕಾಲು ಪಾಲಿನಲ್ಲಿ ಬರಿ ಮಣ್ಣು. ವರದಿ ಹೋಗಲಿಲ್ಲ. ಮುಂದಿನ ಬೇಸಿಗೆಗೆ ಸಣ್ಣ ದಂಡೆ ಎಂಬುದು ಹಸಿರು ನೀರು ನಿಂತ ಗುಂಡಿಯಾಯಿತು, ಪಂಚಾಯಿತಿಯ ಫಲಕವೊಂದು ಅದರ ಅಂಚಿಗೆ ಓರೆಯಾಗಿ ನಿಂತಿತ್ತು.

ನೋಟಿಸಿನ ಮೇಲಿದ್ದ ಸಹಿಯನ್ನು ಅವನು ನೋಡಿದ್ದ. ಹಳೆಯ ನೋಟಿಸುಗಳನ್ನು ಫಲಕದಿಂದ ಕಿತ್ತು ಕಡತಕ್ಕೆ ಸೇರಿಸುತ್ತಿದ್ದವನು ಅವನೇ. ಒಂದು ಮಾತು ಕೇಳಲಿಲ್ಲ. ನಾನೂ ಹೇಳಲಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿದಾಗ ನಾನೇ ಅವನ ಗುಣಗಾನದ ಭಾಷಣ ಮಾಡಿದೆ, 'ಸತ್ಯನಿಷ್ಠ' ಎಂಬ ಪದವನ್ನು ಮೂರು ಸಲ ಬಳಸಿದೆ. ಅವನು ಕೈಮುಗಿದು, ಬಸ್ಸಿನ ಹೊತ್ತಾಯಿತೆಂದು ಹೊರಟುಹೋದ. ಅವನು ಹೋದ ಮೇಲೆ ಚಹಾ ಕುಡಿಯುತ್ತ ಶರಣಯ್ಯನವರು ಹೇಳಿದರು: "ಮನಷ್ಯಾ ಏನೋ ಚಲೋ. ಆದ್ರ ತನ್ನ ದಂಡಿ ತಾನ ಕಳಕೊಂಡ ನೋಡ್ರಿ. ಒಂದ ಮಾತು ಹೇಳಿದ್ರ ಮುಗೀತಿತ್ತು." ಉಮೇಶ ಹೌದೆಂದ. ನಾನು ಚಹಾ ಕುಡಿದೆ.

ಇಂಥವರು ಪ್ರತಿ ಕಚೇರಿಯಲ್ಲೂ ಪ್ರತಿ ಶಾಲೆಯಲ್ಲೂ ಒಬ್ಬೊಬ್ಬರು ಇರುತ್ತಾರೆ. ಬಾಗಿಲ ಬಳಿಯ ಸ್ಟೂಲಿನ ಮೇಲೆ, ನಮಗಿಂತ ಹೆಚ್ಚು ತಿಳಿದುಕೊಂಡು, ನಮ್ಮ ಚಹಾದ ಲೋಟ ತೊಳೆಯುತ್ತ. ಇಂಥವರ ಸತ್ಯ ಲೋಕವನ್ನು ಕಾಯುತ್ತದೆಂದು ನಾನು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದೆ. ಅದು ಅವರ ಎರಡು ಗಜ ಮರಳನ್ನೂ ಕಾಯಲಾರದು. ಅದು ಕಾಯುವುದು ನಮ್ಮನ್ನು. ನಾವು ಆಸಿಡ್ಡು ಸುರಿದು ಕೈ ತೊಳೆದುಕೊಂಡ ಮೇಲೆ, ಕೊನೆಗೆ ಬಾಯಿ ಬಿಟ್ಟು ನಿಜ ಹೇಳುವವನು ಅವನೊಬ್ಬನೇ ಆದ್ದರಿಂದ, ಎಲ್ಲ ಕೆಟ್ಟದ್ದು ಅವನಿಂದಲೇ ಎಂದು ಊರು ತೀರ್ಮಾನಿಸುತ್ತದೆ. ಆ ತೀರ್ಮಾನದ ನೆರಳಲ್ಲಿ ನಾವೆಲ್ಲ ಸುಖವಾಗಿದ್ದೇವೆ.