ಆರು ಮಂದಿಗೆ ಹಂಚಿದ ಹಾಡು

ಟೈಲರಮ್ಮ ಬೆಳಿಗ್ಗೆ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಳು. ಇಸ್ತ್ರಿ ಅಂಗಡಿಯವನು ಏದುಸಿರು ಬಿಡುತ್ತಾ ಬಂದ.

"ಅಕ್ಕಾ, ಮೂಲೆ ಮೊಬೈಲ್ ಅಂಗಡಿಗೆ ಪೊಲೀಸ್ರು ಬಂದಿದಾರೆ! ಹಾಡು ಕಾಪಿ ಮಾಡಿ ಮಾರ್ತಿದ್ನಂತೆ. ಕಂಪ್ಯೂಟರ್ ಎತ್ಕೊಂಡು ಹೋಗ್ತಿದಾರೆ."

ಅವಳ ಕೈಯಿಂದ ಒದ್ದೆ ಚಾದರ ಜಾರಿ ಮಣ್ಣಿಗೆ ಬಿತ್ತು.

ಅವಳ ಬಳಿ ಆರು ಹುಡುಗಿಯರು ಹೊಲಿಗೆ ಕಲಿಯುತ್ತಿದ್ದರು. ಹೊಸಬರ ಕಾಲು ಮಿಷನ್ನಿನ ಪೆಡಲ್ ಮೇಲೆ ಒಂದೇ ಸಮ ಆಡುವುದಿಲ್ಲ, ಹೊಲಿಗೆ ಸೊಟ್ಟಗಾಗುತ್ತದೆ. ಅದಕ್ಕೇ ಹಾಡಿನ ತಾಳಕ್ಕೆ ಕಾಲಾಡಿಸುವುದನ್ನು ಹೇಳಿಕೊಡುತ್ತಿದ್ದಳು. ತಾನು ಕೊಂಡ ಸಿಡಿಯ ಹಾಡನ್ನು ಪೆನ್‌ಡ್ರೈವಿಗೆ ಹಾಕಿಕೊಂಡಿದ್ದಳು. ಮನೆಯಲ್ಲೂ ಅಭ್ಯಾಸ ಮಾಡಲಿ ಎಂದು ಆರೂ ಮಂದಿಗೆ ಒಂದೊಂದು ಪ್ರತಿ ಕೊಟ್ಟಿದ್ದಳು.

ಈಗ ಪೊಲೀಸರು ತನ್ನ ಮಿಷನ್ನುಗಳನ್ನೂ ಹೊತ್ತುಕೊಂಡು ಹೋದರೆ?

ಒಳಗೆ ಓಡಿ ಅಗುಳಿ ಹಾಕಿದಳು. ಒಳಗೆ ಆಡುತ್ತಿದ್ದ ಪುಟ್ಟ ಮಗಳು ಬಾಯಿ ತೆರೆದಳು. "ಅಮ್ಮಾ, ಆ ಹಾಡು..."

"ಶ್! ಉಸಿರೆತ್ತಬೇಡ."

ಪೆನ್‌ಡ್ರೈವನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತಳು. ಆಗಲೇ ಬಾಗಿಲು ಬಡಿದ ಸದ್ದು.

"ನಾನೇ ಕಣೇ, ತೆಗಿ!"

ಗ್ರಂಥಾಲಯದ ಅಕ್ಕ. ಹೊಲಿಯಲು ಕೊಟ್ಟ ಅಂಗಿ ಒಯ್ಯಲು ಬಂದಿದ್ದಳು. ಟೈಲರಮ್ಮ ತೊದಲುತ್ತಾ ಎಲ್ಲ ಹೇಳಿದಳು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನಿಂದು," ಎಂದು ನಕ್ಕಳು ಅಕ್ಕ. ಮರುಕ್ಷಣ ನಗು ನಿಲ್ಲಿಸಿದಳು. "ಕೊಂಡ ಹಾಡನ್ನ ನೀನೇ ಕೇಳೋಕೆ ಒಂದು ಪ್ರತಿ ಮಾಡ್ಕೊಂಡ್ರೆ ಕೆಲವು ಕಡೆ ಕಾನೂನು ಒಪ್ಪುತ್ತೆ. ಎಲ್ಲಾ ಕಡೆ ಅಲ್ಲ, ವಿಚಾರಿಸ್ಕೋಬೇಕು. ಆದ್ರೆ ಆರು ಮನೆಗೆ ಹಂಚಿದ್ದು ಸ್ವಂತಕ್ಕೆ ಹೇಗಾಗುತ್ತೆ?"

"ಒಂದು ಕಾಸೂ ಮುಟ್ಟಿಲ್ಲ ಅಕ್ಕಾ, ಸುಮ್ನೆ ಕೊಟ್ಟೆ. ಆರು ಕಾಪಿಯಿಂದ ಅಷ್ಟು ದೊಡ್ಡ ಗಾಯಕರಿಗೆ ಏನು ಕಮ್ಮಿಯಾಗುತ್ತೆ?"

"ನೀನು ವಾರಗಟ್ಟಲೆ ಕೂತು ಬಿಡಿಸಿದ, ಬಟ್ಟೆ ಕತ್ತರಿಸೋ ನಮೂನೆ ಕಾಗದಾನ ಯಾರೋ ಆರು ಟೈಲರ್‌ಗಳಿಗೆ ಸುಮ್ನೆ ಹಂಚಿದ್ರೆ?"

ಟೈಲರಮ್ಮ ಬೀರುವಿನ ಕಡೆ ನೋಡಿದಳು. ಆ ಕಾಗದಗಳನ್ನು ಅವಳು ಅದರಲ್ಲಿ ಬೀಗ ಹಾಕಿ ಇಡುತ್ತಿದ್ದಳು.

"ಬಚ್ಚಿಟ್ರೆ ಭಯ ಹೋಗಲ್ಲ. ಎಲ್ರಿಗೂ ಆ ಹಾಡು ಅಳಿಸೋಕೆ ಹೇಳು. ತಾಳ ಬೇಕಾದ್ರೆ, ಹಂಚ್ಕೊಳ್ಳಿ ಅಂತ ಹಾಡಿದವರೇ ಒಪ್ಪಿಗೆ ಕೊಟ್ಟಿರೋ ಹಾಡುಗಳಿವೆ. ಗ್ರಂಥಾಲಯಕ್ಕೆ ಬಾ, ತೋರಿಸ್ತೀನಿ."

ಟೈಲರಮ್ಮ ಮೊದಲ ಶಿಷ್ಯೆಗೆ ಫೋನು ಮಾಡಿದಳು. "ಆ ಹಾಡು ಅಳಿಸ್ಬಿಡಮ್ಮ."

"ಅಯ್ಯೋ ಮೇಡಂ, ಚೆನ್ನಾಗಿದೆ ಅಂತ ನಾನು ಇನ್ನೂ ನಾಲ್ಕು ಜನಕ್ಕೆ ಕೊಟ್ಟಿದೀನಲ್ಲಾ!"

ಆ ನಾಲ್ವರು ಎಷ್ಟು ಮಂದಿಗೆ ಕೊಟ್ಟಿದ್ದಾರೋ! "ಅವ್ರಿಗೂ ಹೇಳಮ್ಮ, ಈಗಲೇ," ಎಂದು ಟೈಲರಮ್ಮ ಎರಡನೆಯವಳ ನಂಬರು ಒತ್ತಿದಳು.

ಓದುತ್ತಿರುವ ಅಕ್ಕಂದಿರೇ, ಹಾಡು ಕೇಳಿ, ಮಕ್ಕಳಿಗೂ ಕೇಳಿಸಿ. ಆದರೆ ಪ್ರತಿ ಮಾಡಿ ಇನ್ನೊಬ್ಬರ ಕೈಗಿಡುವ ಮುಂಚೆ ಒಂದು ಗಳಿಗೆ ನಿಲ್ಲಿ. ಅಮ್ಮನ ತೋಳು ಹಿಡಿದು ಆ ಮಗು ಕೊನೆಗೂ ಬಾಯಿಬಿಟ್ಟು ಕೇಳಿದ್ದನ್ನು ನೀವೂ ಕೇಳಿಕೊಳ್ಳಿ:

"ಅಮ್ಮಾ, ಎಲ್ರಿಗೂ ಕೊಡೋ ಮುಂಚೆ, ಹಾಡಿದವರನ್ನ ಒಂದು ಮಾತು ಕೇಳಿದ್ಯಾ?"